ಒಂದೇ ಮನೆಯಲ್ಲಿ ಇಬ್ಬರು ಸ್ವಲೀನ ಮಕ್ಕಳು

ಕೈಯ ಐದು ಬೆರಳುಗಳೂ ಸಮನಾಗಿಲ್ಲವೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳಿದ್ದೇವೆ. ಆದರೆ ಅದನ್ನು ನಡೆಯಲ್ಲಿ ತರಬೇಕಾದ ಸಂದರ್ಭವೊದಗಿದಾಗ ಮರೆತುಬಿಡುವವರೂ ನಾವೇ. ಕಳೆದ ಶಾಲಾವರ್ಷದ ಆರಂಭದಲ್ಲಿ, ಮಳೆ ಹಿಡಿದ ಒಂದು ಬೆಳಗ್ಗೆ, ತಾಯಿಯೊಬ್ಬರು ಇಬ್ಬರು ಮಕ್ಕಳ ಕೈಹಿಡಿದುಕೊಂಡು ನಮ್ಮ ಶಾಲೆಯ ಜಗಲಿಯನ್ನು ಹತ್ತಿದರು. ಹಿರಿಯವನಿಗೆ ಒಂಬತ್ತು ವರ್ಷ, ಕಿರಿಯವಳಿಗೆ ಆರು. ಹುಡುಗನು ಜಗಲಿಯ ಕಂಬಗಳನ್ನು ಗಟ್ಟಿಯಾಗಿ ಎಣಿಸುತ್ತ ಅತ್ತಿಂದಿತ್ತ ನಡೆಯತೊಡಗಿದನು. ಹುಡುಗಿಯು ತಾಯಿಯ ಸೆರಗಿನಲ್ಲಿ ಮುಖವನ್ನು ಮರೆಸಿ, ಎರಡು ಕಿವಿಗಳನ್ನೂ ಮುಚ್ಚಿಕೊಂಡು ನಿಂತಳು. ಇಬ್ಬರಿಗೂ ಸ್ವಲೀನತೆಯಿದೆಯೆಂದು ವೈದ್ಯರು ಹೇಳಿದ್ದರು. ಆ ತಾಯಿ ನಮ್ಮೊಡನೆ ಆಡಿದ ಮೊದಲ ಮಾತು ಇದು:

"ದೊಡ್ಡವನನ್ನು ಸಾಕಿ ಎಲ್ಲವನ್ನೂ ಕಲಿತೆನೆಂದು ತಿಳಿದಿದ್ದೆ ಮಾಷ್ಟ್ರೇ. ಅವನಿಗೆ ಮಾಡಿದ್ದನ್ನೇ ಇವಳಿಗೂ ಮಾಡಿದೆ. ಒಂದೂ ಹಿಡಿಯಲಿಲ್ಲ. ನಾನು ಎಲ್ಲಿ ತಪ್ಪಿದೆ?"

ಆ ದಿನ ನಮ್ಮಲ್ಲಿ ಉತ್ತರವಿರಲಿಲ್ಲ. ಅಷ್ಟೇ ಅಲ್ಲ, ಮುಂದಿನ ಎರಡು ತಿಂಗಳು ನಾವೂ ಅದೇ ತಪ್ಪನ್ನು ಮಾಡಿದೆವು. ಅಣ್ಣನಿಗೆ ಒಗ್ಗಿದ ಮುಂದಿನ ಬೆಂಚು, ಅಣ್ಣನು ಮೆಚ್ಚಿದ ಗಟ್ಟಿಸ್ವರದ ಪದ್ಯ, ಅಣ್ಣನು ಕಲಿತ ಅಕ್ಷರದ ಹಲಗೆ, ಇವನ್ನೇ ತಂಗಿಗೂ ಕೊಟ್ಟೆವು. ಅವಳು ದಿನವೂ ಅತ್ತಳು. ಬಳಿಕ ನಾವು ಕೆಲವು ಅಧ್ಯಾಪಕರು ಕೂಡಿ ಈ ವಿಷಯವನ್ನು ಓದಲು ತೊಡಗಿದೆವು, ತಿಳಿದವರನ್ನು ಕೇಳಿದೆವು. ಆ ಅಭ್ಯಾಸದಿಂದ ದೊರೆತುದನ್ನು ನಮ್ಮ ಸಂಘದ ವಾರ್ಷಿಕ ಸಂಚಿಕೆಯ ಮೂಲಕ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

೧. ಸ್ವಲೀನತೆ ಎಂದರೇನು

ವೈದ್ಯರು ಆಟಿಸಂ ಎಂದು ಕರೆಯುವುದನ್ನು ಕನ್ನಡದಲ್ಲಿ ಸ್ವಲೀನತೆಯೆನ್ನುತ್ತೇವೆ. ತಾನು ಎಂಬರ್ಥದ ಗ್ರೀಕ್ ಶಬ್ದದಿಂದ ಆಟಿಸಂ ಎಂಬ ಪದವನ್ನು ಕಟ್ಟಿದವನು ಸ್ವಿಟ್ಜರ್ಲೆಂಡಿನ ಮನೋವೈದ್ಯನಾದ ಆಯ್ಗೆನ್ ಬ್ಲಾಯ್ಲರ್. ಆದರೆ ಅವನು ಅದನ್ನು ಬಳಸಿದ್ದು ಬೇರೊಂದು ಮನೋರೋಗದ ವರ್ಣನೆಗೆ. ಇಂದಿನ ಅರ್ಥದಲ್ಲಿ ಈ ಸ್ಥಿತಿಯನ್ನು ವಿವರವಾಗಿ ಬರೆದವನು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಲಿಯೋ ಕ್ಯಾನರ್. ೧೯೪೩ರಲ್ಲಿ ಪ್ರಕಟವಾದ ಅವನ ಲೇಖನದಲ್ಲಿ ೧೧ ಮಕ್ಕಳ ವೃತ್ತಾಂತವಿದೆ. ಎಂಟು ಮಂದಿ ಹುಡುಗರು, ಮೂವರು ಹುಡುಗಿಯರು. ಮರುವರ್ಷ, ೧೯೪೪ರಲ್ಲಿ, ವಿಯೆನ್ನಾ ನಗರದ ಹ್ಯಾನ್ಸ್ ಆಸ್ಪರ್ಗರ್ ಎಂಬ ವೈದ್ಯನೂ ಇದೇ ಬಗೆಯ ನಾಲ್ವರು ಹುಡುಗರನ್ನು ಕುರಿತು ಬರೆದನು.

ಇದು ಅಂಟುರೋಗವಲ್ಲ, ಮದ್ದಿನಿಂದ ಗುಣವಾಗುವ ಕಾಯಿಲೆಯೂ ಅಲ್ಲ. ಮಿದುಳಿನ ಬೆಳವಣಿಗೆಯೇ ಬೇರೊಂದು ಕ್ರಮದಲ್ಲಿ ಸಾಗುವುದರಿಂದ ಉಂಟಾಗುವ, ಜೀವಮಾನವಿಡೀ ಇರುವ ಸ್ಥಿತಿ. ಇತರರೊಡನೆ ಬೆರೆಯುವುದರಲ್ಲಿಯೂ ಮಾತುಕತೆಯಲ್ಲಿಯೂ ಕಷ್ಟ, ಒಂದೇ ಕೆಲಸವನ್ನು ಅಥವಾ ಒಂದೇ ಆಸಕ್ತಿಯನ್ನು ಮರಳಿ ಮರಳಿ ಹಿಡಿಯುವುದು, ಬದಲಾವಣೆಯನ್ನು ಸಹಿಸಲಾರದಿರುವುದು, ಶಬ್ದ, ಬೆಳಕು, ರುಚಿ, ಸ್ಪರ್ಶ ಇವುಗಳಲ್ಲಿ ಅತಿಯಾದ ಅಥವಾ ತೀರ ಕಡಮೆಯಾದ ಸಂವೇದನೆ, ಇವು ಅದರ ಮುಖ್ಯ ಲಕ್ಷಣಗಳು. ಲೋಕದಲ್ಲಿ ಸುಮಾರು ನೂರರಿಂದ ನೂರಿಪ್ಪತ್ತೈದು ಮಂದಿಗೆ ಒಬ್ಬರಂತೆ ಇದು ಇರುವುದೆಂದು ಲೆಕ್ಕ ಹಾಕಿದ್ದಾರೆ. ಕೆಲವರಿಗೆ ಮಾತೇ ಬರುವುದಿಲ್ಲ. ಕೆಲವರು ವಿಶ್ವವಿದ್ಯಾಲಯದ ಪದವಿಯನ್ನು ಪಡೆಯುತ್ತಾರೆ. ಕೆಲವರಿಗೆ ಬುದ್ಧಿಮಾಂದ್ಯವೂ ಜೊತೆಗೂಡಿರುತ್ತದೆ, ಅನೇಕರಿಗೆ ಅದಿಲ್ಲ. ಒಂದು ಹೆಸರಿನ ಕೆಳಗೆ ಇಷ್ಟು ಭೇದಗಳಿವೆಯೆಂಬುದನ್ನು ವಾಚಕರು ಮೊದಲಿಗೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ಲೇಖನದ ಸಾರವೆಲ್ಲ ಅದರಲ್ಲಿಯೇ ಇದೆ.

೨. ತಾಯಿಯ ಮೇಲೆ ಹೊರಿಸಿದ ಅಪವಾದ

"ನಾನು ಎಲ್ಲಿ ತಪ್ಪಿದೆ" ಎಂಬ ಪ್ರಶ್ನೆ ಆ ತಾಯಿಯೊಬ್ಬರದೇ ಅಲ್ಲ. ಅದನ್ನು ತಾಯಂದಿರ ಬಾಯಲ್ಲಿ ಹಾಕಿದವರಲ್ಲಿ ವಿದ್ವಾಂಸರೂ ಇದ್ದರು. ಕಳೆದ ಶತಮಾನದ ನಡುವಿನಲ್ಲಿ, ತಾಯಿಯ ಪ್ರೀತಿಯಲ್ಲಿ ಬಿಸುಪಿಲ್ಲದುದರಿಂದ ಮಗುವು ತನ್ನೊಳಗೇ ಹುದುಗಿಕೊಳ್ಳುತ್ತದೆಯೆಂಬ ವಾದವು ಅಮೆರಿಕದಲ್ಲಿ ಬಲವಾಗಿ ಹಬ್ಬಿತ್ತು. ೧೯೬೭ರಲ್ಲಿ ಬ್ರೂನೊ ಬೆಟೆಲ್‌ಹೈಮ್ ಎಂಬಾತನು ಬರೆದ ಗ್ರಂಥವು ಅದಕ್ಕೆ ದೊಡ್ಡ ಪ್ರಚಾರವನ್ನು ತಂದುಕೊಟ್ಟಿತು. ಆದರೆ ಅದಕ್ಕೂ ಮೊದಲೇ, ೧೯೬೪ರಲ್ಲಿ, ಬರ್ನಾರ್ಡ್ ರಿಮ್ಲೆಂಡ್ ಎಂಬ ಮನಶ್ಶಾಸ್ತ್ರಜ್ಞನು ಈ ವಾದಕ್ಕೆ ಆಧಾರವಿಲ್ಲವೆಂದೂ ಸ್ವಲೀನತೆಯ ಮೂಲವು ಶರೀರದಲ್ಲಿಯೇ ಇದೆಯೆಂದೂ ಒಂದು ಪುಸ್ತಕದಲ್ಲಿ ತೋರಿಸಿಕೊಟ್ಟಿದ್ದನು. ಅವನು ಸ್ವತಃ ಸ್ವಲೀನನಾದ ಮಗನೊಬ್ಬನ ತಂದೆ.

೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕಲ್ ರಟರ್ ಇವರು ಇಂಗ್ಲೆಂಡಿನಲ್ಲಿ ನಡೆಸಿದ ಅವಳಿಮಕ್ಕಳ ಅಧ್ಯಯನವು ಈ ಚರ್ಚೆಗೆ ಹೊಸ ದಾರಿಯನ್ನು ತೋರಿಸಿತು. ಅವರು ೨೧ ಅವಳಿಜೋಡಿಗಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ ೧೧ ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರೂ ಸ್ವಲೀನರಾಗಿದ್ದರು; ಎರಡು ಅಂಡಗಳಿಂದ ಹುಟ್ಟಿದ ೧೦ ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಜೋಡಿಯ ಮಕ್ಕಳನ್ನು ಬೆಳೆಸಿದವರು ಅದೇ ತಾಯಿ ಅದೇ ತಂದೆಯೇ ತಾನೆ? ಬೆಳೆಸಿದ ರೀತಿಯೇ ಕಾರಣವಾಗಿದ್ದರೆ ಎರಡು ಬಗೆಯ ಅವಳಿಗಳಲ್ಲಿ ಈ ಅಂತರ ಬರಬೇಕಾಗಿರಲಿಲ್ಲ. ಅಂಶವಾಹಿಗಳ, ಎಂದರೆ ಜೀನ್‌ಗಳ, ಪಾತ್ರ ಇದರಲ್ಲಿ ದೊಡ್ಡದೆಂಬುದನ್ನು ಮುಂದಿನ ಅಧ್ಯಯನಗಳೆಲ್ಲ ಸ್ಥಿರಪಡಿಸಿವೆ. ಆದುದರಿಂದ ಇಬ್ಬರು ಸ್ವಲೀನ ಮಕ್ಕಳ ತಾಯಿಯನ್ನು ನೋಡಿ "ಎರಡನ್ನೂ ಹೀಗೆ ಮಾಡಿಕೊಂಡಳು" ಎನ್ನುವ ನೆರೆಹೊರೆಯವರು ತಮ್ಮ ಮಾತು ಕ್ರೂರವಷ್ಟೇ ಅಲ್ಲ, ಸುಳ್ಳು ಕೂಡ ಎಂಬುದನ್ನು ತಿಳಿಯಬೇಕು.

೩. ಎರಡನೆಯ ಮಗುವಿಗೂ ಬರುವುದೇಕೆ

ಒಂದೇ ಮನೆಯಲ್ಲಿ ಇಬ್ಬರು ಸ್ವಲೀನ ಮಕ್ಕಳಿರುವುದು ಬಹಳ ಅಪರೂಪವೆಂದು ಹಿಂದೆ ಭಾವಿಸಿದ್ದರು. ಮೊದಲ ಮಗುವಿನ ಸ್ಥಿತಿ ತಿಳಿದ ಬಳಿಕ ಅನೇಕ ದಂಪತಿಗಳು ಮತ್ತೊಂದು ಮಗುವನ್ನು ಬಯಸದಿದ್ದುದೂ ಈ ಭಾವನೆಗೆ ಒಂದು ಕಾರಣ; ಹುಟ್ಟದ ಮಗುವು ಲೆಕ್ಕಕ್ಕೆ ಸಿಗುವುದಿಲ್ಲವಷ್ಟೆ. ಸರಿಯಾದ ಲೆಕ್ಕ ದೊರೆತದ್ದು, ಸ್ವಲೀನ ಮಗುವಿನ ಬೆನ್ನಿಗೆ ಹುಟ್ಟಿದ ಶಿಶುಗಳನ್ನು ಎಳವೆಯಿಂದಲೇ ಗಮನಿಸುತ್ತ ಬಂದ ಅಧ್ಯಯನಗಳಿಂದ. ೨೦೧೧ರಲ್ಲಿ ಸ್ಯಾಲಿ ಓಝೊನಾಫ್ ಮತ್ತು ಸಂಗಡಿಗರು ಅಂತಹ ೬೬೪ ಶಿಶುಗಳ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ನೂರಕ್ಕೆ ೧೮.೭ರಷ್ಟು ಮಂದಿಗೆ ಮೂರು ವರ್ಷ ತುಂಬುವಷ್ಟರಲ್ಲಿ ಸ್ವಲೀನತೆ ಕಂಡುಬಂದಿತ್ತು. ೨೦೨೪ರಲ್ಲಿ ೧,೬೦೫ ಶಿಶುಗಳನ್ನು ಕುರಿತು ಅವರೇ ಪ್ರಕಟಿಸಿದ ಎರಡನೆಯ ವರದಿಯಲ್ಲಿ ಈ ಪ್ರಮಾಣವು ನೂರಕ್ಕೆ ೨೦.೨. ಗಂಡುಶಿಶುಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು, ಹೆಣ್ಣುಶಿಶುಗಳಲ್ಲಿ ಸುಮಾರು ಎಂಟು ಮಂದಿಯಲ್ಲಿ ಒಬ್ಬರು. ಅಣ್ಣ ಅಕ್ಕಂದಿರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸ್ವಲೀನರಾಗಿದ್ದರೆ ಪ್ರಮಾಣವು ನೂರಕ್ಕೆ ೩೬.೯ರಷ್ಟಕ್ಕೆ ಏರುತ್ತದೆ.

ಈ ಅಂಕಿಗಳನ್ನು ಓದುವಾಗ ಎರಡು ಮಾತುಗಳನ್ನು ನೆನಪಿಡಬೇಕು. ಐವರಲ್ಲಿ ಒಬ್ಬರಿಗೆ ಎಂದರೆ ಉಳಿದ ನಾಲ್ವರಿಗೆ ಇಲ್ಲ ಎಂದೂ ಅರ್ಥ. ಇನ್ನೊಂದು, ಇದು ಸಮೂಹದ ಲೆಕ್ಕವೇ ಹೊರತು ಒಂದು ಮನೆಯ ಭವಿಷ್ಯವಾಣಿಯಲ್ಲ. ಮತ್ತೊಂದು ಮಗು ಬೇಕೆ ಬೇಡವೆ ಎಂಬುದನ್ನು ನಿರ್ಣಯಿಸುವವರು ಆ ದಂಪತಿಗಳೇ. ಅದು ನಮ್ಮ ಉಪದೇಶದ ವಿಷಯವಲ್ಲ. ಆದರೆ ನಿರ್ಣಯಕ್ಕೆ ಮೊದಲು ಆನುವಂಶಿಕ ಸಲಹೆ ನೀಡುವ ವೈದ್ಯರನ್ನು ಕಾಣುವುದು ಲೇಸು. ಫ್ರಜೈಲ್ ಎಕ್ಸ್ ಮೊದಲಾದ ಕೆಲವು ಕಾರಣಗಳನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದು. ಅಂತಹ ಕಾರಣವೊಂದು ಸಿಕ್ಕಿದ ಮನೆಯ ಲೆಕ್ಕವು ಮೇಲಿನ ಸಾಮಾನ್ಯ ಲೆಕ್ಕಕ್ಕಿಂತ ಬೇರೆಯಾಗುತ್ತದೆ.

ಹಿರಿಯ ಮಗು ಸ್ವಲೀನವಾಗಿದ್ದರೆ ಕಿರಿಯ ಶಿಶುವನ್ನು ಭಯದಿಂದಲ್ಲ, ಎಚ್ಚರದಿಂದ ನೋಡುತ್ತಿರಬೇಕು. ವರ್ಷ ತುಂಬಿದರೂ ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿರುವುದು, ಒಂದೂವರೆ ವರ್ಷವಾದರೂ ಕಾಗೆಯನ್ನೋ ಚಂದ್ರನನ್ನೋ ಬೆರಳಿನಿಂದ ತೋರಿಸದಿರುವುದು, ಬಂದ ಮಾತು ಹೋಗಿಬಿಡುವುದು, ಇವು ಕಂಡರೆ "ಅಣ್ಣನೂ ಹೀಗೆಯೇ ಇದ್ದ" ಎಂದು ಸುಮ್ಮನಿರದೆ, "ಇವಳು ಅಣ್ಣನಂತಿಲ್ಲ, ಆದುದರಿಂದ ಏನೂ ಇಲ್ಲ" ಎಂದೂ ಸಮಾಧಾನ ತಾಳದೆ ವೈದ್ಯರಿಗೆ ತೋರಿಸಬೇಕು. ಮೊದಲು ಹೇಳಿದ ತಾಯಿ ಈ ಎರಡನೆಯ ಸಮಾಧಾನದಲ್ಲಿಯೇ ಎರಡು ವರ್ಷಗಳನ್ನು ಕಳೆದುಕೊಂಡಿದ್ದರು. ಹುಡುಗಿಯು ಮೌನಿ, ಅಣ್ಣನಂತೆ ಗದ್ದಲವಿಲ್ಲ. ಮನೆಯವರು ಅವಳನ್ನು ಸಾಧುವೆಂದು ತಿಳಿದರು.

ಇಲ್ಲಿಯೇ ಮತ್ತೊಂದು ಮಾತು. ಮೊದಲ ಮಗುವಿಗೆ ಲಸಿಕೆ ಹಾಕಿಸಿದ್ದರಿಂದ ಹೀಗಾಯಿತೆಂದು ತಿಳಿದು ಎರಡನೆಯ ಮಗುವಿಗೆ ಲಸಿಕೆಯನ್ನೇ ಹಾಕಿಸದವರಿದ್ದಾರೆ. ಈ ಶಂಕೆಯನ್ನು ಹಬ್ಬಿಸಿದ್ದು ೧೯೯೮ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಲೇಖನ. ಅದನ್ನು ಆ ಪತ್ರಿಕೆಯೇ ೨೦೧೦ರಲ್ಲಿ ಹಿಂತೆಗೆದುಕೊಂಡಿತು. ೨೦೧೫ರಲ್ಲಿ ಅಮೆರಿಕದ ೯೫,೭೨೭ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಸ್ವಲೀನರಾದ ಅಣ್ಣ ಅಕ್ಕಂದಿರಿದ್ದ ಮಕ್ಕಳಲ್ಲಿ ಕೂಡ ದಡಾರ, ಕೆಪ್ಪಟೆ ಮತ್ತು ರುಬೆಲ್ಲಾ ಲಸಿಕೆಯಿಂದ ಸ್ವಲೀನತೆ ಹೆಚ್ಚಿದ ಸುಳಿವು ಸಿಗಲಿಲ್ಲ. ಲಸಿಕೆ ತಪ್ಪಿಸಿದ ಕಿರಿಯ ಮಗುವಿಗೆ ಸ್ವಲೀನತೆಯಿಂದ ರಕ್ಷಣೆಯಂತೂ ದೊರೆಯುವುದಿಲ್ಲ, ದಡಾರದ ಅಪಾಯ ಮಾತ್ರ ಉಳಿಯುತ್ತದೆ.

೪. ಇಬ್ಬರ ರೀತಿ ಎರಡು

ಕಾರಣವು ವಂಶದಲ್ಲಿದೆಯೆಂದಾದರೆ ಒಡಹುಟ್ಟಿದವರಿಬ್ಬರೂ ಒಂದೇ ಅಚ್ಚಿನಲ್ಲಿರಬೇಡವೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರವನ್ನು ಕೆನಡದ ಟೊರಾಂಟೊ ನಗರದಲ್ಲಿ ಸ್ಟೀಫನ್ ಷೆರರ್ ಅವರ ನೇತೃತ್ವದಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಅಧ್ಯಯನವೊಂದು ನೀಡುತ್ತದೆ. ಇಬ್ಬರು ಸ್ವಲೀನ ಮಕ್ಕಳಿರುವ ೮೫ ಕುಟುಂಬಗಳಲ್ಲಿ ತಂದೆ, ತಾಯಿ, ಮಕ್ಕಳು ಈ ನಾಲ್ವರ ಅಂಶವಾಹಿಗಳನ್ನೂ ಅವರು ಪೂರ್ತಿಯಾಗಿ ಓದಿಸಿದರು. ಸ್ವಲೀನತೆಗೆ ಸಂಬಂಧಪಟ್ಟ ವ್ಯತ್ಯಾಸಗಳು ೩೬ ಕುಟುಂಬಗಳಲ್ಲಿ ಕಂಡುಬಂದವು. ಆ ಕುಟುಂಬಗಳಲ್ಲಿ ನೂರಕ್ಕೆ ಸುಮಾರು ೬೯ರಷ್ಟರಲ್ಲಿ ಇಬ್ಬರು ಮಕ್ಕಳಲ್ಲಿದ್ದ ವ್ಯತ್ಯಾಸಗಳು ಬೇರೆ ಬೇರೆಯಾಗಿದ್ದುವು. ತಂದೆತಾಯಿಗಳಿಂದ ಇಬ್ಬರಿಗೂ ಸಮಾನವಾಗಿ ಬಂದ ಅಂಶಗಳೂ ಉಂಟು, ನಿಜ. ಆದರೂ ಒಡಹುಟ್ಟಿದವರು ಒಂದರ ಪ್ರತಿಯೊಂದಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಮನೆಯ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಲೇಖಕಿ ಷಾರ್ಲಟ್ ಮೂರ್ ಅವರಿಗೆ ಮೂವರು ಗಂಡುಮಕ್ಕಳು. ಹಿರಿಯರಿಬ್ಬರೂ ಸ್ವಲೀನರು, ಕಿರಿಯವನು ಅಲ್ಲ. ೨೦೦೪ರಲ್ಲಿ ಅವರು ಪ್ರಕಟಿಸಿದ 'ಜಾರ್ಜ್ ಅಂಡ್ ಸ್ಯಾಮ್' ಎಂಬ ಪುಸ್ತಕವು ಈ ವಿಷಯದಲ್ಲಿ ಬಹಳ ಮಂದಿ ಓದಿದ ಗ್ರಂಥ. ಹಿರಿಯ ಮಗನು ಚಿಕ್ಕಂದಿನಲ್ಲಿಯೇ ಮಾತಿನಲ್ಲಿ ಮುಂದಾಗಿದ್ದು ಕೇಳಿದ ಕಥೆಗಳನ್ನು ಒಪ್ಪಿಸುತ್ತಿದ್ದನು; ಎರಡನೆಯವನ ಮಾತು ಹಿಂದುಳಿದಿತ್ತು. ಹೆಸರು ಒಂದೇ, ಸ್ವಭಾವಗಳು ಎರಡು. ಇಬ್ಬರನ್ನೂ ಹೋಲಿಸದೆ, ಇಬ್ಬರನ್ನೂ ಅವರವರಂತೆಯೇ ನೋಡಿದುದರಲ್ಲಿ ಆ ಪುಸ್ತಕದ ಹಿರಿಮೆಯಿದೆ.

ನಮ್ಮ ಊರಿಗೇ ಬಂದು ಹೇಳುವುದಾದರೆ, ಜಾತ್ರೆಯ ರಾತ್ರಿ ಬಯಲಾಟದ ಚೆಂಡೆಯ ಸದ್ದು ಕೇಳಿದೊಡನೆ ಆ ಹುಡುಗನು ರಂಗಸ್ಥಳದ ಬಳಿಗೆ ಓಡುತ್ತಾನೆ. ಚೆಂಡೆಯವರ ಪಕ್ಕದಿಂದ ಅವನನ್ನು ಎಬ್ಬಿಸುವುದೇ ಕಷ್ಟ. ಅವನ ತಂಗಿಗೆ ಅದೇ ಸದ್ದು ಕಿವಿಗೆ ಸೂಜಿ ಚುಚ್ಚಿದಂತೆ. ಗರ್ನಾಲು ಸಿಡಿದರಂತೂ ಅವಳು ಎರಡು ದಿನ ಅನ್ನ ಮುಟ್ಟುವುದಿಲ್ಲ. ಅವನು ಗಂಜಿಯನ್ನು ಬಿಟ್ಟು ಬೇರೇನನ್ನೂ ಒಲ್ಲ. ಅವಳಿಗೆ ಮೆತ್ತಗಿನ ಆಹಾರವೇ ಅಸಹ್ಯ, ಗರಿಗರಿಯಾದ ಹಪ್ಪಳವಿದ್ದರೆ ಸರಿ. ಅವನಿಗೆ ಬಿಗಿಯಾಗಿ ಅಪ್ಪಿಕೊಂಡರೆ ಸಮಾಧಾನ. ಅವಳನ್ನು ಮುಟ್ಟಬಾರದು, ಪಕ್ಕದಲ್ಲಿ ಸುಮ್ಮನೆ ಕುಳಿತಿರಬೇಕು. ಇವೆಲ್ಲವನ್ನೂ ತಾಯಿ ಬಲ್ಲವರಾಗಿದ್ದರು. ಆದರೆ ಒಬ್ಬನಿಗೆ ಫಲಿಸಿದ ಉಪಾಯ ಇನ್ನೊಬ್ಬಳಿಗೆ ಫಲಿಸದಿದ್ದುದನ್ನು ಅವರು ತಮ್ಮ ಸೋಲೆಂದು ಎಣಿಸಿದ್ದರು. ವಾಸ್ತವವಾಗಿ ಅದು ಸೋಲಲ್ಲ, ಎರಡನೆಯ ಮಗುವಿನ ಮೊದಲ ಪಾಠ.

೫. ಮನೆಯ ವ್ಯವಸ್ಥೆ

ಇಂತಹ ಮನೆಯ ದೊಡ್ಡ ತೊಡಕು ಯಾವುದೆಂದರೆ, ಒಬ್ಬರ ನೆಮ್ಮದಿಯೇ ಇನ್ನೊಬ್ಬರ ಸಂಕಟವಾಗುವುದು. ಅಣ್ಣನು ಮನಸ್ಸಿನ ಶಾಂತಿಗಾಗಿ ಗಟ್ಟಿಯಾಗಿ ಎಣಿಸುತ್ತಾನೆ. ಆ ಸ್ವರವನ್ನು ತಾಳಲಾರದೆ ತಂಗಿ ಕಿರಿಚುತ್ತಾಳೆ. ಅವಳ ಕಿರಿಚಾಟಕ್ಕೆ ಅಣ್ಣನು ಇನ್ನಷ್ಟು ಗಟ್ಟಿಯಾಗಿ ಎಣಿಸುತ್ತಾನೆ. ಇಲ್ಲಿ ಯಾರನ್ನೂ ಗದರಿ ಪ್ರಯೋಜನವಿಲ್ಲ; ಇಬ್ಬರೂ ಹಟ ಮಾಡುತ್ತಿಲ್ಲ. ಮನೆ ಎಷ್ಟೇ ಚಿಕ್ಕದಾಗಿರಲಿ, ಒಬ್ಬೊಬ್ಬರಿಗೆ ಒಂದೊಂದು ಮೂಲೆಯನ್ನು ಗೊತ್ತುಮಾಡಬೇಕು. ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿದರೂ ಸಾಕು. ಕಿವಿಮುಚ್ಚುವ ಸಾಧನ ಒಬ್ಬಳಿಗಿರಲಿ. ಎಣಿಸಲು ಹೊರಗಿನ ಜಗಲಿ ಇನ್ನೊಬ್ಬನಿಗಿರಲಿ. ಈ ಮೂಲೆಯು ಶಿಕ್ಷೆಯ ಸ್ಥಳವಲ್ಲ, ಆಶ್ರಯದ ಸ್ಥಳ ಎಂಬುದನ್ನು ಮಗುವಿಗೆ ನಡೆಯಿಂದ ತಿಳಿಸಬೇಕು.

ಸ್ವಲೀನ ಮಕ್ಕಳಲ್ಲಿ ಅನೇಕರಿಗೆ ಕಿವಿಗಿಂತ ಕಣ್ಣು ಹೆಚ್ಚು ನಂಬಿಕೆಯ ದ್ವಾರ. ಅಮೆರಿಕದ ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ ಎರಿಕ್ ಷಾಪ್ಲರ್ ಆರಂಭಿಸಿ ೧೯೭೨ರಿಂದ ಸರಕಾರದ ಆಶ್ರಯದಲ್ಲಿ ನಡೆದುಬಂದ ಟೀಚ್ ಎಂಬ ಶಿಕ್ಷಣಕ್ರಮದ ತಳಹದಿಯೇ ಇದು. ದಿನದ ಕೆಲಸಗಳನ್ನು ಚಿತ್ರಗಳಾಗಿ ಸಾಲಾಗಿ ಅಂಟಿಸಿ, ಮುಗಿದ ಕೆಲಸದ ಚಿತ್ರವನ್ನು ತೆಗೆಯುತ್ತ ಹೋಗುವುದು ಅದರಲ್ಲಿ ಒಂದು ಸುಲಭ ಉಪಾಯ. ಇಬ್ಬರು ಮಕ್ಕಳಿರುವ ಮನೆಯಲ್ಲಿ ಪಟ್ಟಿ ಎರಡಿರಬೇಕು. ಆ ಮನೆಯಲ್ಲಿ ಅಣ್ಣನ ಪಟ್ಟಿಯಲ್ಲಿ ಬರೆಹವೂ ಅಂಕೆಗಳೂ ಇವೆ. ತಂಗಿಯ ಪಟ್ಟಿಯಲ್ಲಿ ಅವಳದೇ ಬಟ್ಟಲು, ಅವಳದೇ ಚಾಪೆ, ಅವಳದೇ ಚೀಲ ಇವುಗಳ ಫೋಟೋಗಳಿವೆ. ರೇಖಾಚಿತ್ರವು ಅವಳಿಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಶಾಲೆಯಲ್ಲಿಯೂ ಅವಳ ಅಳು ನಿಂತುದು ಈ ಫೋಟೋಪಟ್ಟಿಯನ್ನು ತಂದ ಮೇಲೆ, ಅವಳನ್ನು ಮುಂದಿನ ಬೆಂಚಿನಿಂದ ಬಾಗಿಲ ಬಳಿಯ ಗೋಡೆಬದಿಗೆ ಕೂರಿಸಿದ ಮೇಲೆ. ಮಾತು ಬಾರದ ಮಗುವು ಚಿತ್ರವನ್ನು ಕೊಟ್ಟು ಬೇಕಾದುದನ್ನು ಕೇಳುವ ಕ್ರಮವೂ ಒಂದುಂಟು. ೧೯೮೫ರಲ್ಲಿ ಅಮೆರಿಕದ ಡೆಲವೇರ್ ಸಂಸ್ಥಾನದಲ್ಲಿ ರೂಪುಗೊಂಡದ್ದು. ಚಿತ್ರವನ್ನು ಬಳಸಿದರೆ ಮಗು ಮಾತು ಕಲಿಯುವುದನ್ನು ಬಿಟ್ಟೀತೆಂಬ ಅಂಜಿಕೆಗೆ ಆಧಾರವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಜೀವರಕ್ಷಣೆ. ಸ್ವಲೀನ ಮಕ್ಕಳಲ್ಲಿ ಕೆಲವರು ಹೇಳದೆ ಕೇಳದೆ ಹೊರಟುಬಿಡುತ್ತಾರೆ. ಹಲವರಿಗೆ ನೀರಿನ ಸೆಳೆತ ವಿಶೇಷ. ನೀರಿನಲ್ಲಿ ಮುಳುಗುವುದು ಇಂತಹ ಮಕ್ಕಳ ಅಪಮೃತ್ಯುವಿಗೆ ಒಂದು ದೊಡ್ಡ ಕಾರಣವಾಗಿದೆ. ನಮ್ಮ ಕಡೆಯ ಮನೆಗಳಲ್ಲಿ ಅಂಗಳದಲ್ಲಿ ಬಾವಿ, ತೋಟದಲ್ಲಿ ಕೆರೆ, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡು. ಒಂದು ಮಗುವಾದರೆ ತಾಯಿ ಹಿಂದೆ ಓಡಿಯಾಳು. ಇಬ್ಬರೂ ಎರಡು ದಿಕ್ಕಿಗೆ ಓಡಿದರೆ ಅವಳು ಯಾರ ಹಿಂದೆ ಹೋಗಬೇಕು? ಬಾವಿಗೆ ಎತ್ತರದ ಕಟ್ಟೆಯೂ ಕಬ್ಬಿಣದ ಬಲೆಯೂ, ಪಾಗಾರದ ಗೇಟಿಗೆ ಮೇಲಿನ ಚಿಲಕವೂ, ಸಾಧ್ಯವಾದರೆ ಇಬ್ಬರಿಗೂ ಈಜಿನ ಅಭ್ಯಾಸವೂ ಬೇಕು. ಆದರೆ ಕಟ್ಟೆ ಚಿಲಕಗಳಿಗಿಂತ ಮಿಗಿಲಾದ ರಕ್ಷಣೆ ನೆರೆಯವರ ಕಣ್ಣು. ಮಕ್ಕಳ ಸಂಗತಿಯನ್ನು ಮುಚ್ಚಿಡದೆ ಅಕ್ಕಪಕ್ಕದ ಮನೆಗಳಿಗೂ ಅಂಗಡಿಯವರಿಗೂ ತಿಳಿಸಿದ್ದರೆ, ಒಂಟಿಯಾಗಿ ಹೋಗುತ್ತಿರುವ ಮಗುವನ್ನು ಯಾರಾದರೂ ತಡೆದಾರು.

ತಂದೆತಾಯಿಗಳ ದೇಹಕ್ಕೂ ಒಂದು ಮಿತಿಯಿದೆ. ಇಂತಹ ಮಕ್ಕಳಲ್ಲಿ ನಿದ್ರೆಯ ತೊಂದರೆ ಸಾಮಾನ್ಯ. ಇಬ್ಬರೂ ಸರದಿಯಂತೆ ಎಚ್ಚರವಿದ್ದರೆ ತಾಯಿ ನಿದ್ರಿಸುವುದು ಯಾವಾಗ? ರಾತ್ರಿಯನ್ನು ಗಂಡಹೆಂಡಿರು ಹಂಚಿಕೊಳ್ಳಬೇಕು. ವಾರಕ್ಕೊಮ್ಮೆಯಾದರೂ ಒಂದು ಮಗುವನ್ನು ಅಜ್ಜಿಯೋ ಚಿಕ್ಕಮ್ಮನೋ ನೋಡಿಕೊಂಡು, ಇನ್ನೊಂದು ಮಗುವಿಗೆ ತಾಯಿಯೊಬ್ಬಳೇ ಸಿಗುವಂತಾಗಬೇಕು. ಈ ನೆರವನ್ನು ಬಂಧುಗಳು ಬಾಯಿಬಿಟ್ಟು ಕೇಳುವ ಮೊದಲೇ ನೀಡಿದರೆ ಅದು ನೂರು ಸಲಹೆಗಳಿಗಿಂತ ಮೇಲು.

೬. ಜೊತೆಗಿರುವ ಮತ್ತೊಂದು ಮಗು

ಇಬ್ಬರ ಜೊತೆಗೆ ಸ್ವಲೀನತೆಯಿಲ್ಲದ ಮೂರನೆಯ ಮಗುವೊಂದಿದ್ದರೆ, ಅದನ್ನು ಎಲ್ಲರೂ "ಜಾಣ ಮಗು, ತಾನೇ ಬೆಳೆದೀತು" ಎಂದು ಹೊಗಳಿ ಮರೆಯುತ್ತಾರೆ. ಅಂತಹ ಮಗುವು ಅನೇಕ ವೇಳೆ ತನ್ನ ಅಳುವನ್ನು ನುಂಗುತ್ತದೆ; ಸಹಪಾಠಿಗಳ ಹಾಸ್ಯವನ್ನು ಮನೆಯಲ್ಲಿ ಹೇಳುವುದಿಲ್ಲ. ಅದಕ್ಕೆ ಅಕ್ಕತಮ್ಮಂದಿರ ಸ್ಥಿತಿಯನ್ನು ವಯಸ್ಸಿಗೆ ತಕ್ಕ ಮಾತಿನಲ್ಲಿ ತಿಳಿಸಬೇಕು. ಕೋಪ ಬರುವುದು ಪಾಪವಲ್ಲವೆಂದು ಹೇಳಬೇಕು. ಅದರ ಪುಸ್ತಕ, ಅದರ ಆಟಿಕೆ ಹರಿಯದಂತೆ ಬೀಗವಿರುವ ಒಂದು ಪೆಟ್ಟಿಗೆ ಕೊಡಬೇಕು. "ನಮ್ಮ ಬಳಿಕ ನೀನೇ ನೋಡಿಕೊಳ್ಳಬೇಕು" ಎಂಬ ಭಾರವನ್ನು ಹತ್ತು ವರ್ಷದ ಹೆಗಲಿಗೆ ಏರಿಸುವುದು ಅನ್ಯಾಯ. ಪ್ರೀತಿಯಿದ್ದಲ್ಲಿ ಹೊಣೆ ತಾನಾಗಿ ಬಂದೀತು. ಹೊಣೆಯನ್ನೇ ಮೊದಲು ಹೊರಿಸಿದರೆ ಪ್ರೀತಿಗೆ ಎಡೆಯಿರದು.

೭. ಮನೆಮಾತಿನ ಪ್ರಶ್ನೆ

ಗಡಿನಾಡಿನ ನಮಗೆ ವಿಶೇಷವಾಗಿ ಸಂಬಂಧಿಸಿದ ವಿಷಯವೊಂದಿದೆ. ೧೯೫೬ರ ನವೆಂಬರ್ ೧ರಂದು ಕೇರಳಕ್ಕೆ ಸೇರಿದ ಈ ಕಾಸರಗೋಡಿನಲ್ಲಿ ಒಂದೇ ಮನೆಯೊಳಗೆ ತುಳು, ಕೊಂಕಣಿ, ಮರಾಠಿ ಅಥವಾ ಹವ್ಯಕ ಕನ್ನಡ, ಶಾಲೆಯಲ್ಲಿ ಕನ್ನಡ, ಕಚೇರಿ ಆಸ್ಪತ್ರೆಗಳಲ್ಲಿ ಮಲೆಯಾಳ ನಡೆಯುವುದು ನಮಗೆ ಸಹಜ. ಮಗುವಿಗೆ ಸ್ವಲೀನತೆಯೆಂದು ತಿಳಿದೊಡನೆ "ಒಂದೇ ಭಾಷೆ ಸಾಕು, ಮನೆಮಾತನ್ನು ಬಿಟ್ಟುಬಿಡಿ" ಎಂದು ಸಲಹೆ ಕೊಡುವವರಿದ್ದಾರೆ. ಆ ತಾಯಿಗೂ ಹೀಗೆಯೇ ಒಬ್ಬರು ಹೇಳಿದ್ದರು. ಅವರು ತಮಗೆ ಸರಾಗವಾಗಿ ಬಾರದ ಮಲೆಯಾಳದಲ್ಲಿಯೇ ಮಗಳೊಡನೆ ಒಂದು ವರ್ಷ ಮಾತಾಡಿದರು. ಜೋಗುಳ ನಿಂತಿತು, ಕಥೆ ನಿಂತಿತು. ಅಜ್ಜಿಯು ಮೊಮ್ಮಗಳೊಡನೆ ಮಾತಾಡುವುದನ್ನೇ ಬಿಟ್ಟರು.

ಈ ಸಲಹೆಗೆ ಸಂಶೋಧನೆಯ ಬೆಂಬಲವಿಲ್ಲ. ೨೦೧೨ರಲ್ಲಿ ಹ್ಯಾಂಬ್ಲಿ ಮತ್ತು ಫಾಂಬೋನ್ ಎಂಬವರು ಪ್ರಕಟಿಸಿದ ಕೆನಡದ ಅಧ್ಯಯನದಲ್ಲಿ, ಎರಡು ಭಾಷೆಗಳ ನಡುವೆ ಬೆಳೆಯುತ್ತಿದ್ದ ೪೫ ಸ್ವಲೀನ ಮಕ್ಕಳನ್ನು ಒಂದೇ ಭಾಷೆಯಲ್ಲಿ ಬೆಳೆಯುತ್ತಿದ್ದ ೩೦ ಮಕ್ಕಳೊಡನೆ ಹೋಲಿಸಿದರು. ಎರಡು ಭಾಷೆಗಳಿಂದ ಮಾತು ಇನ್ನಷ್ಟು ತಡವಾದುದು ಕಂಡುಬರಲಿಲ್ಲ. ಬೇರೆ ಅಧ್ಯಯನಗಳೂ ಇದೇ ನಿರ್ಣಯಕ್ಕೆ ಬಂದಿವೆ. ತಾಯಿ ಯಾವ ಭಾಷೆಯಲ್ಲಿ ನಗಬಲ್ಲಳೋ, ಹಾಡಬಲ್ಲಳೋ, ಸಂತೈಸಬಲ್ಲಳೋ ಆ ಭಾಷೆಯೇ ಮಗುವಿಗೆ ಮೊದಲ ಭಾಷೆಯಾಗಿರಲಿ. ಚಿಕಿತ್ಸಕರ ಭಾಷೆ ಬೇರೆಯಾದರೆ ಅದೂ ಜೊತೆಗೆ ಬರಲಿ. ಒಡಹುಟ್ಟಿದವರಿಬ್ಬರಿಗೂ ಮನೆಮಾತು ಒಂದೇ ಆಗಿರುವುದು ಬಹಳ ಅಗತ್ಯ. ಅಣ್ಣನೊಡನೆ ತುಳು, ತಂಗಿಯೊಡನೆ ಮಲೆಯಾಳ ಎಂದಾದರೆ ಅವರಿಬ್ಬರು ಪರಸ್ಪರ ಆಡುವ ಮಾತು ಯಾವುದು?

೮. ಕಾನೂನಿನ ಆಸರೆ

೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯು ನಮ್ಮ ದೇಶದಲ್ಲಿ ಸ್ವಲೀನತೆಯನ್ನು ಹೆಸರಿಸಿ ಅದಕ್ಕೆ ರಕ್ಷಣೆಯನ್ನು ಕೊಟ್ಟಿತು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೨೧ ವಿಧದ ವೈಕಲ್ಯಗಳಲ್ಲಿ ಸ್ವಲೀನತೆಯನ್ನೂ ಸೇರಿಸಿತು. ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದ ವೈಕಲ್ಯವಿದೆಯೆಂಬ ಪ್ರಮಾಣಪತ್ರವಿರುವ ಮಗುವಿಗೆ ೬ರಿಂದ ೧೮ ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದರಿಂದ ದೊರೆಯುತ್ತದೆ. ಪ್ರಮಾಣವನ್ನು ಅಳೆಯಲು ೪೦ ಅಂಶಗಳಿರುವ ಭಾರತೀಯ ಮಾಪನವೊಂದನ್ನು ಬಳಸುತ್ತಾರೆ. ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಪ್ರತ್ಯೇಕ ಪರೀಕ್ಷೆ, ಪ್ರತ್ಯೇಕ ಪ್ರಮಾಣಪತ್ರ, ಪ್ರತ್ಯೇಕ ಗುರುತಿನ ಚೀಟಿ ಬೇಕು. ಒಬ್ಬನ ಕಾಗದಪತ್ರಗಳನ್ನು ಮಾಡಿಸಿ ದಣಿದು, ಇನ್ನೊಬ್ಬಳದನ್ನು ಮುಂದಕ್ಕೆ ಹಾಕುವವರು ಅನೇಕರು. ಇದು ಸಲ್ಲದು. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗಿನ ಆರೋಗ್ಯವಿಮೆಯುಂಟು. ಚಿಕಿತ್ಸಾಭ್ಯಾಸಗಳ ಖರ್ಚಿಗೂ ಅದರಲ್ಲಿ ಎಡೆಯಿದೆ.

ಹದಿನೆಂಟು ತುಂಬಿದ ಮೇಲೆ ತಂದೆತಾಯಿಗಳು ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಪಾಲಕರು ಅಗತ್ಯವಾದವರಿಗೆ ಅವರನ್ನು ನೇಮಿಸುವ ಅಧಿಕಾರವು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಗಿದೆ. ಇಬ್ಬರೂ ಸ್ವಲೀನರಾ­ದರೂ ಇಬ್ಬರ ಅಗತ್ಯವೂ ಒಂದೇ ಆಗಿರಬೇಕಿಲ್ಲ. ಒಬ್ಬನು ತನ್ನ ಬ್ಯಾಂಕಿನ ವ್ಯವಹಾರವನ್ನು ತಾನೇ ನಡೆಸಬಲ್ಲವನಾಗಬಹುದು, ಇನ್ನೊಬ್ಬಳಿಗೆ ಜೀವನಪರ್ಯಂತ ಆಸರೆ ಬೇಕಾಗಬಹುದು. ನಮ್ಮ ಜಿಲ್ಲೆಯವರಿಗೆ ಪರೀಕ್ಷೆ ಮತ್ತು ಸಲಹೆಗಾಗಿ, ಕನ್ನಡದಲ್ಲಿಯೇ ಮಾತಾಡಬಲ್ಲ ತಜ್ಞರಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ. ಊರಿನಲ್ಲಿಯೇ ಸಮಗ್ರ ಶಿಕ್ಷಾ ಯೋಜನೆಯ ವಿಶೇಷ ಅಧ್ಯಾಪಕರ ನೆರವನ್ನೂ, ಸ್ಥಳೀಯಾಡಳಿತ ಸಂಸ್ಥೆಗಳು ನಡೆಸುವ ಬಡ್ಸ್ ಶಾಲೆಗಳ ನೆರವನ್ನೂ ಕೇಳಬಹುದು.

೯. ಮುಗಿವು

ಈ ವರ್ಷ ಮಾರ್ಚಿಯಲ್ಲಿ ಶಾಲೆ ಮುಗಿಯುವ ದಿನ ಆ ತಾಯಿ ಮತ್ತೆ ಬಂದರು. ಹುಡುಗನು ಎಂಬತ್ತರ ಮಗ್ಗಿಯವರೆಗೆ ಒಪ್ಪಿಸುತ್ತಾನೆ. ಆದರೆ ಅಂಗಿಯ ಗುಂಡಿಯನ್ನು ಇನ್ನೂ ತಾನಾಗಿ ಹಾಕಿಕೊಳ್ಳಲಾರ. ಹುಡುಗಿಯು ಬಾಯಿಯಿಂದ ಮೂರು ನಾಲ್ಕು ಮಾತುಗಳನ್ನಷ್ಟೇ ಆಡುತ್ತಾಳೆ. ಆದರೆ ಗುಂಡಿ ಹಾಕಿಕೊಳ್ಳುತ್ತಾಳೆ, ಅಣ್ಣನದನ್ನೂ ಕೆಲವೊಮ್ಮೆ ಹಾಕಿಕೊಡುತ್ತಾಳೆ. ನಮ್ಮ ಅಭ್ಯಾಸದಿಂದ ಇಬ್ಬರೂ "ಸರಿಹೋದರು" ಎಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರನ್ನು ವಾಚಕರು ನಂಬಬಾರದೆಂದೇ ನಮ್ಮ ವಿನಂತಿ. ದುಬಾರಿ ಔಷಧ, ಪಥ್ಯ, ಪೂಜೆಗಳಿಂದ ಸ್ವಲೀನತೆಯನ್ನು ಕಳೆಯುತ್ತೇವೆಂದು ಹಣ ಕೀಳುವವರು, ಇಬ್ಬರು ಮಕ್ಕಳಿರುವ ಮನೆಯಲ್ಲಿ ಇಮ್ಮಡಿ ಕೀಳುತ್ತಾರೆ.

"ನಾನು ಎಲ್ಲಿ ತಪ್ಪಿದೆ" ಎಂಬ ಪ್ರಶ್ನೆಗೆ ನಾವು ಅಂದು ಕೊಡಲಾರದ ಉತ್ತರವನ್ನು ಈಗ ಕೊಡಬಲ್ಲೆವು. ಅಮ್ಮಾ, ನೀವು ತಪ್ಪಲಿಲ್ಲ. ಒಂದು ಮಗುವನ್ನು ಕಲಿತಿರಿ. ಈಗ ಇನ್ನೊಂದನ್ನು ಮೊದಲಿನಿಂದ ಕಲಿಯಬೇಕಾಗಿದೆ. ಆ ಕಲಿಕೆಯಲ್ಲಿ ನಿಮ್ಮನ್ನು ಒಂಟಿಯಾಗಿ ಬಿಟ್ಟರೆ ತಪ್ಪು ನಿಮ್ಮದಲ್ಲ, ನಮ್ಮೆಲ್ಲರದು. ನಮ್ಮ ಸಂಘದ ಶಾಲೆಯಲ್ಲಿ ಮುಂದಿನ ವರ್ಷದಿಂದ ಅಂತಹ ಪ್ರತಿಯೊಂದು ಮಗುವಿಗೂ ಅದರದೇ ಆದ ಒಂದು ಪುಸ್ತಕವನ್ನಿಟ್ಟು, ಅದಕ್ಕೆ ಏನು ಹಿಡಿಸುತ್ತದೆ, ಏನು ಹಿಡಿಸದು ಎಂಬುದನ್ನು ಬರೆದಿಡಲು ನಿಶ್ಚಯಿಸಿದ್ದೇವೆ. ಅಣ್ಣತಂಗಿಯರ ಹೆಸರು ಒಂದೇ ಪುಸ್ತಕದಲ್ಲಿ ಇರಲಾರದು. ಇಂತಹ ಮಕ್ಕಳಿರುವ ಮನೆಗಳು ನಮ್ಮ ಸುತ್ತಮುತ್ತ ಇನ್ನೂ ಇರಬಹುದು. ಸಂಕೋಚವನ್ನು ಬಿಟ್ಟು ಶಾಲೆಯ ಜಗಲಿಯನ್ನು ಹತ್ತಿರೆಂದು ಆ ತಂದೆತಾಯಿಗಳಲ್ಲಿ ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇವೆ.